ಬಾಡಿಗೆ ಮನೆಗೆ ಎಷ್ಟನೇ ಸ್ಥಾನ?

ಜೂನ್ 3

ಅತ್ತಿಗೇ,

ಕೂತುಕೊಂಡು ಓದಿ. ಗೊಗ್ಗರಕ್ಕನ ಆರನೇ ಆಲ್ಬಮ್ ಬರುತ್ತಿದೆ! ಗಾಳಿಸುದ್ದಿಯಲ್ಲ. ಕ್ಯಾಸೆಟ್ ಅಂಗಡಿಯವರು ಬಾಗಿಲಿಗೇ ಚೀಟಿ ಅಂಟಿಸಿದ್ದಾರೆ, ಆಗಸ್ಟ್ ಮೊದಲ ವಾರ ಎಂದು. ಓದಿದವಳು ಬೀದಿಯಲ್ಲೇ ಎರಡು ಹೆಜ್ಜೆ ಕುಣಿದುಬಿಟ್ಟೆ. ನಮ್ಮ ಕನ್ನಡಕದಂಗಡಿಯ ಮಹಡಿಯ ಮೇಲಿನ ಹಲ್ಲಿನ ಡಾಕ್ಟರಮ್ಮ ಕಿಟಕಿಯಿಂದ ಬಗ್ಗಿ, "ಏನಮ್ಮಾ, ಹಲ್ಲುನೋವಾ?" ಅಂದರು. ವಿಷಯ ಹೇಳಿದೆ. ಬಾಯಿ ತೆರೆದು ಮಲಗಿದ್ದ ರೋಗಿಯನ್ನು ಹಾಗೇ ಬಿಟ್ಟು ಅವರೂ ಇಳಿದು ಬಂದರು.

ಊರಿನ ಅಭಿಮಾನಿಗಳೆಲ್ಲ ಈಗ ಕ್ಯಾಸೆಟ್ ಅಂಗಡಿಯ ಮುಂದೆ ಜಗಳಕ್ಕೆ ನಿಂತಿದ್ದಾರೆ. ಆರನೆಯದು ಬರುವ ಮೊದಲು ಹಳೆಯ ಐದಕ್ಕೂ ಸ್ಥಾನ ಕೊಟ್ಟು ಮುಗಿಸಬೇಕಂತೆ. ಡಾಕ್ಟರಮ್ಮನಿಗೆ 'ಉಪ್ಪು' ಮೊದಲು. ಅಂಗಡಿಯವರಿಗೆ 'ಏಣಿ'. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರೇ ಎಲ್ಲ. ಒಬ್ಬ ಮೇಷ್ಟ್ರು ಮಾತ್ರ, "ತಾನೇ ಬರೆದು, ತಾನೇ ರಾಗ ಕಟ್ಟಿ, ಆ ನೆಗಡಿ ಹಿಡಿದ ದನೀಲಿ ತಾನೇ ಹಾಡ್ತಾಳೆ. ಅಂಥೋಳ ಹಾಡಿಗೆ ಒಂದು, ಎರಡು ಅಂತ ನಂಬರ್ ಹಾಕೋದೇ ತಪ್ಪು" ಅಂದರು. ಎಲ್ಲರೂ ಸೇರಿ ಅವರನ್ನು ಮನೆಗೆ ಕಳಿಸಿದೆವು.

ನನ್ನ ತೀರ್ಪು ಕೇಳಿ. ಮೂರನೇ ಆಲ್ಬಮ್ 'ಬಾಡಿಗೆ ಮನೆ' ಎಲ್ಲಕ್ಕಿಂತ ಮೇಲೆ. ಆಮೇಲೆ 'ಏಣಿ', 'ಉಪ್ಪು', 'ಗೋಡೆಗೆ ಕಿವಿ'. ಕೊನೆಗೆ 'ಹಿತ್ತಲು', ಅದರಲ್ಲಿ ತಬಲಾ ಜಾಸ್ತಿ. ದಿನವಿಡೀ ಜನರ ಮೂಗಿನ ಮೇಲೆ ಗಾಜು ಬದಲಿಸುತ್ತಾ "ಇದು ಚೆನ್ನಾಗಿ ಕಾಣುತ್ತಾ, ಅದಾ?" ಎಂದು ಕೇಳುವವಳು ನಾನು. ಹೋಲಿಸಿ ನೋಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ.

ನೀವು ಅಣ್ಣನಿಂದ ಬೇರೆಯಾಗಿ ಆ ಊರಿನ ರೈಲ್ವೆ ಸ್ಟೇಷನ್ನಿಗೆ ವರ್ಗ ಮಾಡಿಸಿಕೊಂಡು ಹೋಗಿ ವರ್ಷವಾಯಿತು. ಏನು ಬರೆಯಬೇಕೆಂದು ತಿಳಿಯದೆ ಸುಮ್ಮನಿದ್ದೆ. ಈಗ ತಿಳಿಯಿತು. ನಮ್ಮ ಕಟ್ಟಳೆ ನೆನಪಿದೆಯಲ್ಲ? ನಾಲ್ಕನೆಯದನ್ನೂ ಐದನೆಯದನ್ನೂ ಮನೆಯ ಕೋಣೆಯ ಬಾಗಿಲು ಹಾಕಿ, ನೆಲದ ಮೇಲೆ ಕೂತು ಇಬ್ಬರೂ ಒಟ್ಟಿಗೇ ಮೊದಲ ಸಲ ಕೇಳಿದೆವು. ಅಣ್ಣ ಹೊರಗಿನಿಂದ "ಊಟ ಇದೆಯೋ, ಇವತ್ತೂ ಹಾಡೇನೋ?" ಎಂದು ಕೂಗುತ್ತಿದ್ದ. ಆರನೆಯದನ್ನು ಒಬ್ಬರೇ ಕೇಳಬೇಡಿ. ನಿಮ್ಮ ಕಾಲಿಗೆ ಬೀಳುತ್ತೇನೆ.

ನಿಮ್ಮ ನಾದಿನಿ

ಜೂನ್ 14

ಚಾಳೀಸು,

ಮೊದಲ ಮಾತು: ಅತ್ತಿಗೆ ಎಂದು ಬರೆಯಬೇಡ. ಆ ಹುದ್ದೆಗೆ ರಾಜೀನಾಮೆ ಕೊಟ್ಟಾಯಿತು, ಅದು ಮಂಜೂರೂ ಆಯಿತು.

ಎರಡನೇ ಮಾತು: 'ಬಾಡಿಗೆ ಮನೆ'ಗೆ ಮೊದಲ ಸ್ಥಾನವೇ? ನಿನ್ನ ಕಿವಿಗೂ ಒಂದು ಕನ್ನಡಕ ಹಾಕಿಸು.

ನಿನ್ನ ಕಾಗದವನ್ನು ಮೈಕಿನ ಮುಂದೆ ಕೂತು ಓದುತ್ತಿದ್ದೆ. ಗಾಡಿ ಬಂದು ನಿಂತದ್ದೇ ಗೊತ್ತಾಗಲಿಲ್ಲ. ಸ್ಟೇಷನ್ ಮಾಸ್ತರರು ಗಾಜು ಬಡಿದು, "ಏನ್ರೀ, ಗಾಡಿ ಬಂದಿದ್ದು ಜನಕ್ಕೆ ಗೊತ್ತಾಗೋದು ಬೇಡ್ವಾ?" ಅಂದರು. ಇಲ್ಲಿ ಎಲ್ಲವೂ ನಿಯಮದ ಪ್ರಕಾರ. ಪ್ರತಿ ಘೋಷಣೆಯನ್ನೂ ಎರಡು ಸಲ ಹೇಳಬೇಕು. ಒಂದು ಸಲ ಹೇಳಿದರೆ ತಪ್ಪು, ಮೂರು ಸಲ ಹೇಳಿದರೆ ಅದಕ್ಕಿಂತ ದೊಡ್ಡ ತಪ್ಪು. ಸ್ವಂತದ ಒಂದು ಮಾತು ಸೇರಿಸುವಂತಿಲ್ಲ. ನನಗೆ ಇದು ಹಿಡಿಸಿದೆ.

ನನ್ನ ತೀರ್ಪು: 'ಉಪ್ಪು' ಮೊದಲು. ಡಾಕ್ಟರಮ್ಮನಿಗೆ ನನ್ನ ನಮಸ್ಕಾರ ತಿಳಿಸು, ಊರಿನಲ್ಲಿ ಕಿವಿ ಇರುವವರು ಅವರೊಬ್ಬರೇ. ಆಮೇಲೆ 'ಗೋಡೆಗೆ ಕಿವಿ', 'ಏಣಿ', 'ಹಿತ್ತಲು'. ತಬಲಾ ಜಾಸ್ತಿ ಎಂದೆಯಾ? ತಬಲಾ ಇರುವುದರಿಂದಲೇ ಆ ಆಲ್ಬಮ್ ಎದ್ದು ಕೂತಿರುವುದು. ಎಲ್ಲಕ್ಕಿಂತ ಕೊನೆಗೆ 'ಬಾಡಿಗೆ ಮನೆ'. ಕಾರಣ ಕೇಳಬೇಡ.

ಮರಗೆಲಸದವರ ಅಂಗಡಿಯ ಮೇಲೆ ಒಂದು ಕೋಣೆ ಹಿಡಿದಿದ್ದೇನೆ. ಕಿಟಕಿ ತೆಗೆದರೆ ಮರದ ಹೊಟ್ಟು ಒಳಗೆ ಬರುತ್ತದೆ. ಹಾಗಾಗಿ ತೆಗೆಯುವುದಿಲ್ಲ.

ಆರನೆಯದನ್ನು ನಾನು ಒಬ್ಬಳೇ ಕೇಳುತ್ತೇನೆ. ಆ ಕಟ್ಟಳೆ ಆ ಮನೆಯದು. ಮನೆಯೇ ಇಲ್ಲದ ಮೇಲೆ ಕಟ್ಟಳೆ ಎಲ್ಲಿಯದು?

ಮಾಜಿ

ಜೂನ್ 20

ಮಾಜಿಯವರಿಗೆ,

ಅತ್ತಿಗೆ ಬೇಡವೆಂದರೆ ಏನು ಕರೆಯಲಿ? ಶ್ರೀಮತಿ ಪ್ಲಾಟ್‌ಫಾರಂ ಅನ್ನಲೇ? ಬೇರೆ ಪದ ಸಿಗುವವರೆಗೆ ಹಳೆಯದನ್ನೇ ಬಳಸುತ್ತೇನೆ. ಕೋಪ ಬಂದರೆ ಇಲ್ಲಿಗೇ ಬಂದು ಬೈಯಿರಿ.

ಅತ್ತಿಗೇ, 'ಬಾಡಿಗೆ ಮನೆ'ಗೆ ಕೊನೆಯ ಸ್ಥಾನವೇ! ಅದನ್ನೇ ಯೋಚಿಸುತ್ತಾ ಒಬ್ಬ ಗಿರಾಕಿಗೆ ಹತ್ತಿರದ ಗಾಜನ್ನು ದೂರಕ್ಕೂ ದೂರದ್ದನ್ನು ಹತ್ತಿರಕ್ಕೂ ಕೂರಿಸಿಬಿಟ್ಟೆ. ಅವರು ಮೆಟ್ಟಿಲು ಇಳಿಯುವಾಗ ಕಾಲನ್ನು ಮೊಣಕಾಲೆತ್ತರ ಎತ್ತಿ ಎತ್ತಿ ಇಡುತ್ತಿದ್ದರು. ಓಡಿಹೋಗಿ ಹಿಡಿದುಕೊಂಡೆ.

'ಇನ್ನೊಂದು ಲೋಟ'ದಂಥ ಹಾಡಿನಲ್ಲಿ ಮುಗಿಯುವ ಆಲ್ಬಮ್ ಕೊನೆಯದು ಹೇಗಾಗುತ್ತದೆ? ಹೊಸ ಮನೆಯಲ್ಲಿ ಒಬ್ಬಳೇ ಟೀ ಮಾಡಿಕೊಳ್ಳುತ್ತಾಳೆ. ಯಾರಾದರೂ ಬಂದರೆ ಇರಲಿ ಎಂದು ಇನ್ನೊಂದು ಲೋಟ ತೊಳೆದಿಡುತ್ತಾಳೆ. ಅಲ್ಲಿಗೆ ವಾದ್ಯವೆಲ್ಲ ನಿಂತು ಅವಳ ದನಿಯೊಂದೇ ಉಳಿಯುತ್ತದೆ. ಅದನ್ನು ಕೇಳಿ ಮುಗಿಸಿದಾಗಲೆಲ್ಲ ನನಗೆ ಯಾರ ಮನೆಗಾದರೂ ಹೋಗಬೇಕು ಅನಿಸುತ್ತದೆ.

ಬನ್ನಿ, ಪಂದ್ಯ ಕಟ್ಟೋಣ. ವಾದ ಮಾಡಿ ಯಾರು ಯಾರ ಮನಸ್ಸು ಬದಲಿಸುತ್ತಾರೋ ನೋಡೋಣ. ಸೋತವರು ಗೆದ್ದವರ ಊರಿಗೆ ಹೋಗಬೇಕು. ಅಲ್ಲಿ ಇಬ್ಬರೂ ಕೂತು ಆರನೆಯದನ್ನು ಒಟ್ಟಿಗೇ ಕೇಳಬೇಕು. ಅಲ್ಲಿಯವರೆಗೆ ಯಾರೂ ಅದರ ಹೊದಿಕೆ ಹರಿಯುವಂತಿಲ್ಲ. ಒಪ್ಪಿಗೆಯಾ?

ನಾದಿನಿ (ರಾಜೀನಾಮೆ ಕೊಟ್ಟಿಲ್ಲ)

ಜೂನ್ 28

ಚಾಳೀಸು,

ಪಂದ್ಯ ಒಪ್ಪಿದೆ. ನೀನು ಸೋಲುವುದು ಖಂಡಿತ, ಏಕೆಂದರೆ ನೀನು ಆ ಆಲ್ಬಮನ್ನು ಪೂರ್ತಿ ಕೇಳಿಯೇ ಇಲ್ಲ. ಅದು ಲೋಟದಲ್ಲಿ ಮುಗಿಯುವುದಿಲ್ಲ. 'ಬೀಗದ ಕೈ'ಯಲ್ಲಿ ಮುಗಿಯುತ್ತದೆ. ಮನೆ ಖಾಲಿ ಮಾಡಿ, ಗೋಡೆಯ ಮೊಳೆ ಕಿತ್ತು, ಬೀಗದ ಕೈಯನ್ನು ಮನೆಯ ಯಜಮಾನನ ಕೈಗೆ ಹಾಕಿ ಬೀದಿಗೆ ಇಳಿಯುತ್ತಾಳೆ. ಮುಗಿಯಿತು. ಅರ್ಧ ಕೇಳಿ ಎದ್ದುಹೋದವರು ತೀರ್ಪು ಕೊಡುವಂತಿಲ್ಲ.

ಇಲ್ಲಿ ನನಗೂ ಒಂದು ಗುಂಪು ಸಿಕ್ಕಿದೆ ಗೊತ್ತಾ? ಕೆಳಗಿನ ಮರಗೆಲಸದವರು ಗೊಗ್ಗರಕ್ಕನ ಭಕ್ತರು. ನಾನು 'ಉಪ್ಪು' ಹಾಕಿದರೆ ಮರ ಹೆರೆಯುವುದನ್ನು ನಿಲ್ಲಿಸಿ ಕೇಳುತ್ತಾರೆ. 'ಏಣಿ' ಹಾಕಿದರೆ ಅದೇ ತಾಳಕ್ಕೆ ಸುತ್ತಿಗೆ ಬೀಳುತ್ತದೆ. "ಮೇಡಂ, ನಮ್ ಲಿಸ್ಟಲ್ಲಿ ಏಣಿಗೇ ಫಸ್ಟು. ನಾವು ಮಾಡೋ ಸಾಮಾನಿನ ಮೇಲೆ ಇನ್ಯಾರು ಹಾಡು ಬರೆದವ್ರೆ?" ಅನ್ನುತ್ತಾರೆ. ಇದಕ್ಕೆ ಎದುರು ವಾದವಿಲ್ಲ.

ಮಾಜಿ

ಜುಲೈ 4

ಅತ್ತಿಗೇ,

ನಾನು ಪೂರ್ತಿ ಕೇಳಿಲ್ಲವೇ? ಹಾಸ್ಟೆಲಿನಲ್ಲಿದ್ದಾಗ ಪಕ್ಕದ ಕೋಣೆಯವರು ಗೋಡೆ ಗುದ್ದುವವರೆಗೆ ಕೇಳಿದ್ದೇನೆ! ಅರ್ಧಕ್ಕೇ ಬಿಡುವವರು ನೀವು. ಕ್ಯಾಸೆಟ್ಟನ್ನು ಎಲ್ಲಿ ನಿಲ್ಲಿಸುತ್ತೀರೋ ಅಲ್ಲೇ ಬಿಟ್ಟು ಎದ್ದುಹೋಗುತ್ತೀರಿ, ಮತ್ತೆ ಮೊದಲಿಗೆ ಸುತ್ತುವವರೇ ಅಲ್ಲ. ನಿಮ್ಮ ಹಿಂದೆ ಸುತ್ತಿ ಸುತ್ತಿ ನನ್ನ ಬೆರಳು ಸವೆದಿದೆ.

ಹಾಡಿದ್ದೇ ಹಾಡುವ ಕಿಸುಬಾಯಿ ದಾಸ ಎಂದರೂ ಸರಿ, ಮತ್ತೊಮ್ಮೆ ಹೇಳುತ್ತೇನೆ. ಬೀಗದ ಕೈ ಕೊಟ್ಟ ಮೇಲೆ ಕಥೆ ಮುಗಿಯುವುದಲ್ಲ, ಅಲ್ಲಿಂದಲೇ ಶುರುವಾಗುವುದು! ಕೈ ಖಾಲಿಯಾದ ಮೇಲಲ್ಲವೇ ಹೊಸ ಮನೆಯ ಸಾಮಾನು ಎತ್ತುವುದು? ಹಳೆಯ ಮನೆಯನ್ನು ಬಿಟ್ಟವಳೇ ಹೊಸ ಕಿಟಕಿ ತೆಗೆಯುವುದು. ನೀವು ಇದನ್ನು ಒಪ್ಪಿಕೊಂಡರೆ ಎಷ್ಟು ಚೆನ್ನಾಗಿರುತ್ತದೆ!

ಅಂಗಡಿಯ ಮುಂದಿನ ಎಣಿಕೆಯಲ್ಲಿ 'ಏಣಿ' ಮುಂದಿದೆ. ಡಾಕ್ಟರಮ್ಮ ರೋಗಿಗಳ ಬಾಯಿಗೆ ಹತ್ತಿ ತುರುಕಿ, "ಉಪ್ಪು ಅನ್ನೋದಾದ್ರೆ ತಲೆ ಆಡ್ಸಿ" ಎಂದು ಮತ ಕೂಡಿಸುತ್ತಿದ್ದಾರೆ. ಮನೆಯಲ್ಲಿ ಎಲ್ಲರೂ ಆರಾಮ. ವಿಶೇಷವೇನೂ ಇಲ್ಲ.

ನಿಮ್ಮ ನಾದಿನಿ

ಜುಲೈ 11

ನಿನಗೆ,

ವಿಶೇಷವೇನೂ ಇಲ್ಲ ಎಂದು ಬರೆದಿದ್ದೀಯ. ನಿಮ್ಮ ಬೀದಿಯ ಒಬ್ಬರು ನಿನ್ನೆ ನಮ್ಮ ಸ್ಟೇಷನ್ನಿನಲ್ಲಿ ಗಾಡಿ ಬದಲಿಸಿದರು. ಸೆಪ್ಟೆಂಬರಿನಲ್ಲಿ ನಿನ್ನ ಅಣ್ಣನ ಮದುವೆಯಂತೆ. ಮದುವೆ ಆಗಲಿ, ಅದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ನಿನಗೆ ಗೊತ್ತಿತ್ತು. ಗೊತ್ತಿದ್ದೂ ಹಾಡಿನ ಸೆರಗಿನ ಹಿಂದೆ ನಿಂತುಕೊಂಡು ಬೀಗದ ಕೈ ಕೊಟ್ಟ ಮೇಲೆ ಕಥೆ ಶುರುವಾಗುತ್ತದೆ, ಒಪ್ಪಿಕೊಳ್ಳಿ ಎಂದು ನನಗೆ ಪಾಠ ಹೇಳಿದೆ. ಇಲ್ಲದ ಕೊನೆಯನ್ನೂ ಹುಟ್ಟಿಸಿದೆ. ನನ್ನನ್ನು ಸಮಾಧಾನ ಮಾಡುವ ಕೆಲಸಕ್ಕೆ ನಿನ್ನನ್ನು ಯಾರು ಕಳಿಸಿದರು?

ಆ ಹಾಡನ್ನು ಹೀಗೆ ಬಳಸಬಾರದಿತ್ತು. ಪಂದ್ಯ ಇಲ್ಲಿಗೆ ಮುಗಿಯಿತು. ಇನ್ನು ಬರೆಯಬೇಡ.

ಜುಲೈ 30

ಅತ್ತಿಗೇ,

ಬೈಯಿರಿ, ಆದರೆ ಓದಿ. ಜೊತೆಗಿರುವ ಪೊಟ್ಟಣವನ್ನು ಎಸೆಯಬೇಡಿ.

ಅಣ್ಣನ ಮದುವೆಯ ವಿಷಯ ಮುಚ್ಚಿಟ್ಟದ್ದು ನಿಜ. ನಿಮಗೆ ನೋವಾಗುತ್ತದೆ ಎಂದಲ್ಲ, ನನಗೆ ಹೆದರಿಕೆಯಾಗಿತ್ತು. ಬರುವವರು ಒಳ್ಳೆಯವರೇ. ಅವರನ್ನೂ ಅತ್ತಿಗೆ ಎನ್ನಬೇಕು. ನನ್ನ ಹತ್ತಿರ ಆ ಪದ ಇರುವುದು ಒಂದೇ. ಅದನ್ನು ಅವರಿಗೆ ಕೊಟ್ಟರೆ ನಿಮಗೆ ಏನು ಉಳಿಯುತ್ತದೆ, ನನಗೆ ನೀವು ಏನಾಗಿ ಉಳಿಯುತ್ತೀರಿ? ಹಾಡಿನ ಜಗಳ ನಡೆಯುತ್ತಿರುವವರೆಗೆ ನೀವು ನನ್ನವರೇ ಎಂದುಕೊಂಡಿದ್ದೆ. ಪಾಠ ಹೇಳಲಿಲ್ಲ, ಪ್ರಮಾಣವಾಗಿಯೂ ಇಲ್ಲ.

ಆದರೆ 'ಇಲ್ಲದ ಕೊನೆ' ಎಂದಿರಲ್ಲ, ಅದನ್ನು ಹಾಗೇ ಬಿಡಲಾಗಲಿಲ್ಲ. ಡಾಕ್ಟರಮ್ಮನ ಹತ್ತಿರ ಹೋಗಿ, "ಬಾಡಿಗೆ ಮನೆ ಮುಗಿಯೋದು ಯಾವ ಹಾಡಲ್ಲಿ?" ಎಂದು ಕೇಳಿದೆ. "ಬೀಗದ ಕೈ. ಇದೂ ಗೊತ್ತಿಲ್ದೆ ಇಷ್ಟು ದಿನ ನನ್ ಹತ್ರ ಜಗಳ ಆಡಿದ್ಯಾ?" ಅಂದರು. ಅಂಗಡಿಯಿಂದ ತಂದ ಅಸಲಿ ಕ್ಯಾಸೆಟ್ಟನ್ನು ಕೈಗೆ ಕೊಟ್ಟರು. ಹಾಡುಗಳ ಹೆಸರು ಅಚ್ಚಾಗಿತ್ತು. ನೋಡಿದೆ. ತಿರುಗಿಸಿ ಇನ್ನೊಮ್ಮೆ ನೋಡಿದೆ. ನನ್ನ ಎರಡನೇ ಬದಿ ಅದರಲ್ಲಿ ಮೊದಲನೆಯದು! ನನ್ನ ಮೊದಲನೇ ಬದಿ ಎರಡನೆಯದು!

ನನ್ನ ಕ್ಯಾಸೆಟ್ಟು ಎಲ್ಲಿಯದು ಹೇಳಿ? ನೀವೇ ಮಾಡಿಕೊಟ್ಟದ್ದು. ನೀವು ಮದುವೆಯಾಗಿ ಬಂದ ಹೊಸತರಲ್ಲಿ, ಇನ್ನೂ ಮುಖವನ್ನೇ ಸರಿಯಾಗಿ ನೋಡಿರದ ನಾದಿನಿಗೆ ಹಾಸ್ಟೆಲಿಗೆ ಅಂಚೆಯಲ್ಲಿ ಕಳಿಸಿದ್ದಿರಿ. ಹಾಡುಗಳ ಹೆಸರು ಬರೆಯಲು ಸೋಮಾರಿತನ, ಬರೀ 1, 2 ಎಂದು ಬರೆದಿದ್ದೀರಿ. ಏನಾಗಿದೆ ಎಂದು ಗೊತ್ತಲ್ಲ? ನಿಮ್ಮ ಅಸಲಿ ಕ್ಯಾಸೆಟ್ಟು ಎರಡನೇ ಬದಿಗೆ ನಿಂತಿದ್ದಿರಬೇಕು. ತಿರುಗಿಸಿ ನೋಡುವ ಅಭ್ಯಾಸ ನಿಮಗೆಲ್ಲಿ? ಹಾಗೇ ತುರುಕಿ ನಕಲು ಮಾಡಿದ್ದೀರಿ! ನಾನು ಮನೆಗೆ ಬರುವ ಹೊತ್ತಿಗೆ ನಾಲ್ಕನೆಯದರ ಹುಚ್ಚು, ಆ ಆಲ್ಬಮನ್ನು ನೀವು ನನ್ನೆದುರು ಯಾವತ್ತೂ ಹಾಕಲೇ ಇಲ್ಲ, ನನಗೂ ಗೊತ್ತಾಗಲಿಲ್ಲ. ಊರಿಗೆಲ್ಲ "ಯಾವುದು ಸರಿಯಾಗಿ ಕಾಣುತ್ತೆ" ಎಂದು ಕೇಳುವ ನನಗೇ ಕಾಣಲಿಲ್ಲ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಲ್ಲಿ ಬಿತ್ತು.

ಅಂದರೆ ಇಷ್ಟು ದಿನ ನಾವಿಬ್ಬರೂ ಒಂದೇ ಆಲ್ಬಮ್ಮಿನ ಮೇಲೆ ಜಗಳವಾಡಲೇ ಇಲ್ಲ! ನೀವು ಕೇಳಿದವಳು ಮನೆಗೆ ಬಂದು, ಮನೆ ಬಿಟ್ಟು ಹೋಗುತ್ತಾಳೆ. ನಾನು ಕೇಳಿದವಳು ಮನೆ ಬಿಟ್ಟು, ಮನೆಗೆ ಬರುತ್ತಾಳೆ.

ಪೊಟ್ಟಣದಲ್ಲಿ ಇರುವುದು ನನ್ನ ಕ್ಯಾಸೆಟ್ಟು. ಒಂದೇ ಒಂದು ಸಲ ನನ್ನ ಕ್ರಮದಲ್ಲಿ ಕೇಳಿ. ನಾನು ಡಾಕ್ಟರಮ್ಮನದನ್ನು ನಿಮ್ಮ ಕ್ರಮದಲ್ಲಿ ಕೇಳುತ್ತೇನೆ. ಆಮೇಲೆ ಬರೆಯಬೇಡ ಎಂದರೆ ಬರೆಯುವುದಿಲ್ಲ.

ನಿಮ್ಮ...
(ಏನೆಂದು ನೀವೇ ತುಂಬಿಕೊಳ್ಳಿ.)

ಆಗಸ್ಟ್ 5

ಚಾಳೀಸೂ!

ಕೇಳಿದೆ. ಮೂರು ಸಲ ಕೇಳಿದೆ. ಕೆಳಗಿನವರು ಕೆಲಸ ನಿಲ್ಲಿಸಿ ಮೆಟ್ಟಿಲ ಮೇಲೆ ಬಂದು ಕೂತರು. "ಮೇಡಂ, ಇದು ಯಾವ ಹೊಸ ಕ್ಯಾಸೆಟ್ಟು?" ಎಂದು ಕೇಳಿದರು. "ಹಳೇದೇ ಕಣ್ರಪ್ಪಾ, ನಾನೇ ಕೆಡಿಸಿದ್ದು" ಅಂದೆ.

ಕಾರಣ ಕೇಳಬೇಡ ಎಂದಿದ್ದೆನಲ್ಲ, ಈಗ ಕೇಳು. ಕಳೆದ ವರ್ಷ ಈ ಕೋಣೆಗೆ ಬಂದ ದಿನ ಸಾಮಾನು ಬಿಚ್ಚುತ್ತಾ ಕೈಗೆ ಸಿಕ್ಕ ಕ್ಯಾಸೆಟ್ಟನ್ನು ಹಾಕಿದೆ. ಅದು 'ಬಾಡಿಗೆ ಮನೆ' ಆಗಿತ್ತು. ಅವತ್ತೇ ಬೆಳಿಗ್ಗೆ ನಿನ್ನ ಅಣ್ಣನ ಕೈಗೆ ಮನೆಯ ಬೀಗದ ಕೈ ಕೊಟ್ಟು ಬಂದಿದ್ದೆ. ಕೊನೆಯ ಹಾಡು ಮುಗಿಯಿತು, ಕ್ಯಾಸೆಟ್ಟು ಟಕ್ಕೆಂದು ನಿಂತಿತು. ನನ್ನದೂ ಇಷ್ಟೇ ಅನಿಸಿಬಿಟ್ಟಿತು. ಅವತ್ತಿನಿಂದ ಅದನ್ನು ಮುಟ್ಟಲಿಲ್ಲ. ಆಲ್ಬಮ್ಮಿನ ಮೇಲೆ ನನಗೆ ಸಿಟ್ಟಿತ್ತು ಕಣೇ.

ಈಗ ಅದೇ ಹಾಡು ಮೊದಲೇ ಬಂದು ಹೋಯಿತು. ಕ್ಯಾಸೆಟ್ಟು ಟಕ್ಕೆಂದು ನಿಂತಿತು, ತಿರುಗಿಸಿದೆ. ತಿರುಗಿಸಿದರೆ 'ಸಾಮಾನು ಇಳಿಸಿ' ಎಂದು ಡೋಲು ಬಾರಿಸಿಕೊಂಡು ಬರುತ್ತಾಳಲ್ಲ! ನಾನು ಕೂತಲ್ಲೇ ನಕ್ಕೆ, ಆಮೇಲೆ ಅತ್ತೆ. ಕಿಟಕಿಯ ಹಾಡು ಬಂದಾಗ ಎದ್ದು ಕಿಟಕಿ ತೆಗೆದೆ. ಕೋಣೆಯ ತುಂಬ ಹೊಟ್ಟು. ಹಾಸಿಗೆ, ತಲೆ, ಟೀ ಎಲ್ಲದರಲ್ಲೂ ಹೊಟ್ಟು. ಇನ್ನೂ ಮುಚ್ಚಿಲ್ಲ.

ತೀರ್ಪು ಬದಲಾಯಿತು. 'ಬಾಡಿಗೆ ಮನೆ' ಮೊದಲು, ಆದರೆ ನಿನ್ನ ಕ್ರಮದಲ್ಲಿ ಮಾತ್ರ. ನಾನು ಸೋತೆ. ಪಂದ್ಯ ಪಂದ್ಯವೇ. ಭಾನುವಾರ ಹದಿನಾಲ್ಕಕ್ಕೆ ಬೆಳಗಿನ ಗಾಡಿಗೆ ನಿಮ್ಮ ಊರಿಗೆ ಬರುತ್ತೇನೆ. ಆ ಊರಿನಲ್ಲಿ ಮತ್ತೆ ಕಾಲಿಡುವುದಿಲ್ಲ ಎಂದಿದ್ದೆ, ಇಡುತ್ತೇನೆ. ಆ ಮನೆಗಲ್ಲ. ಡಾಕ್ಟರಮ್ಮನನ್ನು ಕೇಳಿ ಒಂದು ಕೋಣೆ ಬಿಡಿಸು. ಆರನೆಯದು ಇಲ್ಲಿನ ಅಂಗಡಿಗೆ ಬಂದಿದೆ, ಕೊಂಡಿದ್ದೇನೆ, ಹೊದಿಕೆ ಹರಿದಿಲ್ಲ. ಬೇಗ ಬೇಗ ಭಾನುವಾರ ಬರಬಾರದೇ!

ಆಗಸ್ಟ್ 5

ಅತ್ತಿಗೇ,

ನಿಮ್ಮ ಉತ್ತರಕ್ಕೆ ಕಾಯುವಷ್ಟು ತಾಳ್ಮೆ ನನಗಿಲ್ಲ. ಡಾಕ್ಟರಮ್ಮನ ಕ್ಯಾಸೆಟ್ಟನ್ನು ಸರಿಯಾದ ಕ್ರಮದಲ್ಲಿ ಕೇಳಿದೆ. ಲೋಟ ತೊಳೆದಿಟ್ಟವಳು, ಯಾರಾದರೂ ಬಂದಾರು ಎಂದು ಕಾದವಳು, ಕೊನೆಗೆ ತಾನೇ ಮೊಳೆ ಕಿತ್ತು ಹೊರಟುಬಿಡುತ್ತಾಳೆ. ಯಾರೂ ಬರಲೇ ಇಲ್ಲ! ವರ್ಷವಿಡೀ ನಿಮಗೆ ಒಂದು ಕಾಗದವನ್ನೂ ಹಾಕದವಳು ನಾನೇ ಅಲ್ಲವೇ? ಅಂಗಡಿಯಲ್ಲಿ ಗಿರಾಕಿಗಳ ಮುಂದೆಯೇ ಅತ್ತೆ. ಅವರು ನನ್ನ ಒದ್ದೆ ಮುಖ ಮಂಜಾಗಿ ಕಾಣುವುದು ಗಾಜಿನ ತಪ್ಪು ಎಂದುಕೊಂಡರು.

ನೀವು ಹೇಳಿದ್ದೇ ಸರಿ. ಅದಕ್ಕೆ ಕೊನೆಯ ಸ್ಥಾನ. ಕೆಟ್ಟದ್ದೆಂದಲ್ಲ, ಅದನ್ನು ಒಬ್ಬರೇ ಕೇಳಬಾರದು. ನಾನು ಸೋತೆ. ಟಿಕೆಟ್ ತೆಗೆಸಿದ್ದೇನೆ. ಭಾನುವಾರ ಹದಿನಾಲ್ಕಕ್ಕೆ ಬೆಳಗಿನ ಗಾಡಿಗೆ ಹೊರಟು ಮಧ್ಯಾಹ್ನ ನಿಮ್ಮಲ್ಲಿರುತ್ತೇನೆ. ಬಾಗಿಲು ತೆಗೆಯದಿದ್ದರೆ ಮರಗೆಲಸದವರ ಅಂಗಡಿಯಲ್ಲಿ ಕೂರುತ್ತೇನೆ, ಅವರಿಗೂ 'ಏಣಿ' ಇಷ್ಟವೆಂದಿದ್ದಿರಲ್ಲ.

ಆರನೆಯದನ್ನು ತರುತ್ತಿದ್ದೇನೆ. ಹೊದಿಕೆ ಹಾಗೇ ಇದೆ. ಡಾಕ್ಟರಮ್ಮ ಆಗಲೇ ಕೇಳಿ, "ಇದೇ ಫಸ್ಟು, ಬೇರೆ ಮಾತೇ ಇಲ್ಲ" ಎಂದು ಮೆಟ್ಟಿಲ ಮೇಲೆ ನಿಂತು ಕೂಗಿದರು. ಕಿವಿ ಮುಚ್ಚಿಕೊಂಡು ಓಡಿ ಬಂದೆ.

ನಾದಿನಿ

ಆಗಸ್ಟ್ 9, ತುರ್ತು ಅಂಚೆ

ಚಾಳೀಸು,

ನಿನ್ನ ಕಾಗದ ಬಂತು. ನನ್ನದೂ ನಿನಗೆ ಸಿಕ್ಕಿರಬೇಕು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ನಮ್ಮದು ಇನ್ನೂ ಅನ್ಯಾಯ. ಎಳೆಯುತ್ತಾ ಎಳೆಯುತ್ತಾ ಜಾಗವನ್ನೇ ಅದಲುಬದಲು ಮಾಡಿಕೊಂಡಿದ್ದೇವೆ. ಜಗಳ ಹಾಗೇ ಇದೆ! ನಿನ್ನ ಗಾಡಿಯೂ ನನ್ನ ಗಾಡಿಯೂ ಭಾನುವಾರ ಬೆಳಿಗ್ಗೆ ಒಂದೇ ಹೊತ್ತಿಗೆ ಹೊರಡುತ್ತವೆ. ನಡುದಾರಿಯಲ್ಲಿ ಒಂದನ್ನೊಂದು ದಾಟಿ ಹೋಗುತ್ತಿದ್ದವು. ನೀನು ಬೀಗ ಹಾಕಿದ ನನ್ನ ಬಾಗಿಲ ಮುಂದೆ, ನಾನು ನಿಮ್ಮ ಡಾಕ್ಟರಮ್ಮನ ಕುರ್ಚಿಯಲ್ಲಿ. ವೇಳಾಪಟ್ಟಿ ಬಾಯಿಪಾಠ ಇರುವವಳು ನಾನು, ನನಗೇ ಇದು ಹೊಳೆಯಬೇಕಾದರೆ ನಿನ್ನ ಕಾಗದ ಬರಬೇಕಾಯಿತು.

ನಾನು ಹೊರಡುವುದಿಲ್ಲ. ನೀನೇ ಬಾ. ನನ್ನ ಸೋಲು ಸಾಲವಾಗಿ ಇರಲಿ, ಮದುವೆಯ ಗದ್ದಲ ಮುಗಿದ ಮೇಲೆ ಬಂದು ತೀರಿಸುತ್ತೇನೆ. ಆರನೆಯದಕ್ಕೆ ಮೊದಲ ಸ್ಥಾನವೆಂದ ಡಾಕ್ಟರಮ್ಮನಿಗೆ ಅವತ್ತು ಉತ್ತರ ಕೊಡುವುದಿದೆ.

ಇನ್ನು ಪದದ ವಿಚಾರ. ಬರುವವಳನ್ನು ಬಾಯ್ತುಂಬ ಅತ್ತಿಗೆ ಎಂದು ಕರೆ. ಹೊಸ ಗಾಡಿ ಓಡಿಸಿದರೆಂದು ಹಳೆಯ ಗಾಡಿಯ ಹೆಸರನ್ನು ಯಾರೂ ಅಳಿಸುವುದಿಲ್ಲ. ರಾಜೀನಾಮೆ ಕೊಟ್ಟದ್ದು ನಿನ್ನ ಅಣ್ಣನಿಗೆ. ನಿನಗೆ ಕೊಟ್ಟ ನೆನಪು ನನಗಿಲ್ಲ.

ಭಾನುವಾರ ನಿನ್ನ ಗಾಡಿ ಬರುವ ಹೊತ್ತಿಗೆ ಮೈಕಿನ ಮುಂದೆ ನಾನೇ ಇರುತ್ತೇನೆ. ಗಾಡಿ ಬಂದಿತೆಂದು ನಿಯಮದಂತೆ ಎರಡು ಸಲ ಹೇಳುತ್ತೇನೆ, ಅದು ಊರಿನವರಿಗೆ. ಇಳಿದವಳು ಅಲ್ಲೇ ನಿಂತು ಕೇಳಿಸಿಕೋ. ಮಾಸ್ತರರು ಗಾಜು ಬಡಿದರೆ ಬಡಿಯಲಿ, ಮೂರನೇ ಸಲವೂ ಹೇಳುತ್ತೇನೆ. ಅದು ನಿನಗೆ.

ನಿನ್ನ ಅತ್ತಿಗೆ